ಪಂಚಾಂಗದ ಇನ್ನೊಂದು ಪುಟ

ಕಳೆದ ವೈಶಾಖದಲ್ಲಿ ನೆಂಟರ ಮನೆಯ ಹುಡುಗಿಯ ಮದುವೆ. ಛತ್ರ ಬೇಡ, ಬಯಲಿನಲ್ಲೇ ಆಗಬೇಕು ಅಂತ ಅವಳ ಹಟ. ಊರಾಚೆಯ ಒಂದು ತೋಟ ಗೊತ್ತುಮಾಡಿದರು. ಬೆಳಗಿನ ಮುಹೂರ್ತ ಚೆಂದವಾಗಿ ಕಳೆಯಿತು. ಸಂಜೆ ಆರತಕ್ಷತೆಗೆ ದೀಪ ಹಾಕುವ ಹೊತ್ತಿಗೆ ಮೋಡ ಕಟ್ಟಿ, ಗಾಳಿ ಎದ್ದು, ಮಳೆ ಸುರಿಯಿತು. ಶಾಮಿಯಾನದ ಬಟ್ಟೆ ನೀರು ತುಂಬಿಕೊಂಡು ಗಬ್ಬದ ಎಮ್ಮೆಯ ಹೊಟ್ಟೆಯಂತೆ ಜೋತುಬಿತ್ತು. ಇಬ್ಬರು ಹುಡುಗರು ಅದನ್ನು ಗಳುವಿನಿಂದ ಮೇಲಕ್ಕೆ ತಿವಿದರು. ಅಷ್ಟೂ ನೀರು ಫೋಟೋಗೆ ಸಾಲಾಗಿ ನಿಂತಿದ್ದ ಬೀಗರ ತಲೆಯ ಮೇಲೆ!

‘ಹೀಗಾಗುತ್ತೆ ಅಂತ ಯಾರಿಗೆ ಗೊತ್ತಿತ್ತು?’ ಅಂದರು ಹುಡುಗಿಯ ಅಪ್ಪ.

ಅವರ ಮನೆಯ ಪಂಚಾಂಗಕ್ಕೇ ಗೊತ್ತಿತ್ತು. ಮುಹೂರ್ತದ ಪುಟ ನೋಡಿದವರು ಮಳೆ ನಕ್ಷತ್ರದ ಪುಟ ತಿರುವಿರಲಿಲ್ಲ, ಅಷ್ಟೆ. ಏಪ್ರಿಲ್ ನಡುವಿಗೆ ಅಶ್ವಿನಿ, ತಿಂಗಳ ಕೊನೆಗೆ ಭರಣಿ, ಮೇ ಎರಡನೇ ವಾರಕ್ಕೆ ಕೃತ್ತಿಕೆ, ನಾಲ್ಕನೇ ವಾರಕ್ಕೆ ರೋಹಿಣಿ. ಒಂದೊಂದು ಮಳೆಗೂ ಹದಿಮೂರು ಹದಿನಾಲ್ಕು ದಿನ. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಎನ್ನುವ ರೈತ ಅದನ್ನು ಎದುರು ನೋಡುತ್ತಾನೆ. ಅದೇ ವಾರ ನಾವು ಬಯಲಿನಲ್ಲಿ ಬಿಳಿ ಪರದೆ ಕಟ್ಟಿ ಮಳೆ ಬಾರದಿರಲಿ ಅಂತ ಹರಕೆ ಹೊರುತ್ತೇವೆ. ಹವಾಮಾನದವರು ಹೇಳುವುದೂ ಬೇರೆಯಲ್ಲ. ಬೇಸಿಗೆಯ ನೆಲ ಮಧ್ಯಾಹ್ನದವರೆಗೆ ಕಾದು, ಬಿಸಿ ಗಾಳಿ ತೇವವನ್ನು ಹೊತ್ತು ಮೇಲೇರಿ, ಇಳಿಹೊತ್ತಿಗೆ ಗುಡುಗಿನ ಮೋಡವಾಗುತ್ತದೆ. ಹಾಗಾಗಿ ಬಯಲು ಸೀಮೆಯ ಮೇ ತಿಂಗಳಲ್ಲಿ ಬೆಳಗಿನ ಧಾರೆ ಉಳಿದುಕೊಂಡರೂ ಸಂಜೆಯ ಆರತಕ್ಷತೆ ತೋಯುತ್ತದೆ.

ಬಯಲ ಮದುವೆ ನಮಗೇನೂ ಹೊಸದಲ್ಲ. ಛತ್ರಗಳು ಬರುವ ಮೊದಲು ಹಳ್ಳಿಯ ಮದುವೆಗಳೆಲ್ಲ ಮನೆಯಂಗಳದ ಚಪ್ಪರದಡಿಯಲ್ಲೇ ಆಗುತ್ತಿದ್ದವು. ಹಾಲುಗಂಬ ನೆಟ್ಟು, ಅಡಿಕೆ ಮರದ ಕಂಬ ನಿಲ್ಲಿಸಿ, ಮೇಲೆ ತೆಂಗಿನ ಗರಿ ಹೊದಿಸಿ, ಬಾಗಿಲಿಗೆ ಬಾಳೆಕಂದು ಕಟ್ಟಿ, ಮಾವಿನ ತೋರಣ ಹಾಕುತ್ತಿದ್ದರು. ಆ ಹಸಿರು ಚಪ್ಪರ ಬಿಸಿಲಿಗೆ ಹೇಳಿ ಮಾಡಿಸಿದ್ದು. ಜೋರು ಮಳೆಗೆ ಸೋರುತ್ತದೆ. ಸುಗ್ಗಿ ಮುಗಿದು, ಕಾಳು ಮನೆ ಸೇರಿ, ಕೈಯಲ್ಲಿ ನಾಲ್ಕು ಕಾಸೂ ಬಿಡುವೂ ಇರುವ ಮಾಘ–ಫಾಲ್ಗುಣಗಳು ಇದಕ್ಕೆ ಒದಗಿ ಬರುತ್ತಿದ್ದವು. ಬೆಂಗಳೂರು–ಮೈಸೂರು ಸೀಮೆಯಲ್ಲಿ ಜನವರಿ, ಫೆಬ್ರವರಿಯಷ್ಟು ಒಣ ತಿಂಗಳು ಬೇರೆ ಇಲ್ಲ. ವೈಶಾಖದಲ್ಲಿ ಮಾಡಿದವರಿಗೂ ಒಂದು ಹನಿ ಬಿದ್ದರೆ ಎಲೆ ಎತ್ತಿಕೊಂಡು ಒಳಗೆ ಓಡಲು ಮನೆ ಪಕ್ಕದಲ್ಲೇ ಇರುತ್ತಿತ್ತು. ನಾವೀಗ ಮಕ್ಕಳ ಬೇಸಿಗೆ ರಜೆ ನೋಡಿ ದಿನ ಇಡುತ್ತೇವೆ. ಓಡಿ ಹೋಗಲು ಮನೆ ಮೂವತ್ತು ಕಿಲೋಮೀಟರು ಆಚೆ.

ಹಾಗೆಂದು ನಾನು ಛತ್ರದ ವಕೀಲನಲ್ಲ. ಊಟದ ಹಾಲಿನಲ್ಲಿ ಉಣ್ಣುತ್ತಿರುವವರ ಬೆನ್ನ ಹಿಂದೆ ಮುಂದಿನ ಪಂಕ್ತಿಯವರು ಜಾಗ ಹಿಡಿದು ನಿಲ್ಲುವುದನ್ನು ಕಂಡ ಯಾರಿಗಾದರೂ ಬಯಲಿನ ಆಸೆ ಹುಟ್ಟುವುದು ಸಹಜ. ಆದರೆ ಬಯಲಿಗೆ ಹೋಗುವವರು ಫೋಟೋದ ಹಿನ್ನೆಲೆ ಆರಿಸುವ ಮೊದಲು ಕೆಲವು ಸಪ್ಪೆ ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು. ಮಂಡಿ ನೋವಿನ ಅಜ್ಜಿ ಹುಲ್ಲುಹಾಸಿನ ಮೇಲೆ ಎಷ್ಟು ದೂರ ನಡೆಯಬೇಕು? ಶೌಚಾಲಯ ಎಲ್ಲಿ? ಹೋಮದ ಬೆಂಕಿಗೆ, ಅಡುಗೆ ಭಟ್ಟರ ಒಲೆಗೆ ಗಾಳಿಯ ಮರೆ ಉಂಟೆ? ಬಡಿಸುವ ಮೊದಲೇ ಬಾಳೆಲೆ ಹಾರಿಹೋಗದೆ? ಜನರೇಟರಿನ ವೈರು ಒದ್ದೆ ನೆಲದ ಮೇಲೆ ಹರಿದಿದೆಯೆ? ನೆಂಟರ ಕಾರು ನಿಲ್ಲಿಸುವ ಹೊಲ ಮಳೆ ಬಿದ್ದರೆ ಗದ್ದೆಯಾಗುತ್ತದೆಯೆ? ರಾತ್ರಿ 10 ಗಂಟೆಗೆ ಧ್ವನಿವರ್ಧಕ ನಿಲ್ಲಿಸಬೇಕೆಂಬ ಕಾನೂನು 2000ದಿಂದಲೂ ಇದೆ. ಪಕ್ಕದ ಹಳ್ಳಿಗೂ ನಿದ್ದೆ ಬೇಕು.

ಇನ್ನೊಂದು ಮಾತು, ಕರೆಯುವವರ ಪಟ್ಟಿಯದು. ಗಟ್ಟಿ ಸೂರಿನ ಒಂದು ಜಗುಲಿಯೊಳಗೆ ಎಷ್ಟು ಜನ ಹಿಡಿಸುತ್ತಾರೋ ಅಷ್ಟು ಜನರನ್ನೇ ಬಯಲಿಗೂ ಕರೆಯಬೇಕು. ಆಗ ಮಳೆ ಬಂದರೆ ಅದೊಂದು ಕಥೆ. ಸಾವಿರ ಜನ ಕರೆದಿದ್ದರೆ ಅದೇ ಮಳೆ ರಂಪ. ಮನೆಯವರು, ಹತ್ತಿರದವರು ಇದ್ದರೆ ಮದುವೆಗೆ ಸಾಕೆಂದು ಕುವೆಂಪು 1966ರಲ್ಲಿ ಮಗ ತೇಜಸ್ವಿಯವರ ಮದುವೆಯಲ್ಲೇ, ಮಂತ್ರಮಾಂಗಲ್ಯವೆಂಬ ಸರಳ ವಿವಾಹದ ಮೂಲಕ ತೋರಿಸಿಕೊಟ್ಟಿದ್ದಾರೆ. ಅವರಿಗಿದ್ದದ್ದು ಆಡಂಬರದ ಮೇಲಿನ ಸಿಟ್ಟು. ಮಳೆಯ ಲೆಕ್ಕ ಹಾಕಿದರೂ ಅದೇ ಉತ್ತರ ಬರುತ್ತದೆ.

ಆ ತೋಟದ ಮದುವೆಯಲ್ಲಿ ಬೆಳಗ್ಗೆಯೇ ಒಂದು ತಮಾಷೆ ನಡೆದಿತ್ತು. ಅರುಂಧತಿ ನಕ್ಷತ್ರ ತೋರಿಸುವ ಶಾಸ್ತ್ರ ಬಂದಾಗ ಪುರೋಹಿತರು ಮೇಲೆ ಕೈ ತೋರಿಸಿದರು. ಹಗಲಲ್ಲಿ ನಕ್ಷತ್ರ ಕಾಣದಿರುವುದು ಎಲ್ಲ ಮದುವೆಯಲ್ಲೂ ಇದ್ದದ್ದೇ. ಇಲ್ಲಿ ಆಕಾಶವೂ ಕಾಣಲಿಲ್ಲ; ಅಡ್ಡಲಾಗಿ ಜರಿ ಹಚ್ಚಿದ ಗುಲಾಬಿ ಬಟ್ಟೆ. ಲಕ್ಷಗಟ್ಟಲೆ ಸುರಿದು ಬಯಲಿಗೆ ಬಂದವರು ನಡುವೆ ಪರದೆ ಎಳೆದುಕೊಂಡು ಕೂತಿದ್ದರು.

ಮಳೆ ನಿಂತ ಮೇಲೆ, ರಾತ್ರಿ ಎಂಟೂವರೆಗೆ, ಕರೆಂಟು ಹೋಗಿ ಎಲ್ಲರೂ ಒದ್ದೆ ಬಟ್ಟೆಯಲ್ಲಿ ಹೊರಗೆ ನಿಂತಿದ್ದೆವು. ಉತ್ತರದಲ್ಲಿ ಮೋಡ ಹರಿದು ಸಪ್ತರ್ಷಿ ಮಂಡಲ ಕಂಡಿತು. ‘ಅಗೋ, ಬಾಲದಲ್ಲಿ ಕೊನೆಯಿಂದ ಎರಡನೆಯದು ವಸಿಷ್ಠ, ಅದಕ್ಕೆ ಅಂಟಿಕೊಂಡಿರೋ ಸಣ್ಣದು ನೋಡು’ ಅಂದರು ಹುಡುಗಿಯ ಸೋದರತ್ತೆ. ಮದುಮಗಳು ಕಣ್ಣು ಕಿರಿದು ಮಾಡಿ ನೋಡಿದಳು. ‘ಅಯ್ಯೋ ಅತ್ತೆ, ನನ್ನ ಕನ್ನಡಕ ಒಳಗಿದೆ’ ಅಂದಳು. ಫೋಟೋಗೆಂದು ಬೆಳಗ್ಗೆ ತೆಗೆದಿಟ್ಟದ್ದು.