ಡಿಸ್ಕು ಸತ್ತಿತೆಂಬ ಮಾತು

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರೆಂಬ ಗಾದೆಯನ್ನು ನಮ್ಮ ವಿದ್ಯಾರ್ಥಿಗಳೆಲ್ಲರೂ ಬಲ್ಲರು. ಪರೀಕ್ಷೆಯಲ್ಲಿ ಇದನ್ನು ವಿಸ್ತರಿಸಿ ಬರೆಯಿರೆಂದರೆ ಪುಟ ತುಂಬ ಬರೆಯುವವರೂ ಉಂಟು. ಆದರೆ ಗಾದೆಯನ್ನು ವಿಸ್ತರಿಸುವುದು ಬೇರೆ. ಬರೆ ಹಾಕುವ ಕಬ್ಬಿಣ ತಮ್ಮ ಕೈಯಲ್ಲೇ ಇದೆಯೆಂದು ಕಂಡುಕೊಳ್ಳುವುದು ಬೇರೆ. ಈ ವಿಷಯದಲ್ಲಿ ನಾವೂ ತಪ್ಪಿದೆವು. ಆ ತಪ್ಪನ್ನು ಮೊದಲು ಒಪ್ಪಿಕೊಂಡು, ತರುವಾಯ ನಮ್ಮ ಅಭಿಪ್ರಾಯವನ್ನು ಹೇಳುವುದು ನ್ಯಾಯವೆಂದು ತೋರುತ್ತದೆ.

ನಮ್ಮ ಶಾಲೆಯಲ್ಲಿ ಹತ್ತನೆಯ ಇಯತ್ತೆ ಮುಗಿಸಿ ಕಾಲೇಜು ಸೇರಿದ ಹುಡುಗನೊಬ್ಬನಿಗೆ ಅವನ ತಂದೆ 2024ರ ಆರಂಭದಲ್ಲಿ ಒಂದು ಗೇಮಿಂಗ್ ಲ್ಯಾಪ್‌ಟಾಪು ಕೊಡಿಸಿದರು. ಹೊಸದಲ್ಲ, ಯಾರೋ ಬಳಸಿ ಮಾರಿದ್ದು. ತಂದೆ ಹೋಟೆಲೊಂದರ ಅಡಿಗೆಮನೆಯಲ್ಲಿ ದುಡಿಯುವವರು. ಹುಡುಗನಿಗೆ ಚಿತ್ರ ಬಿಡಿಸಿ, ಆ ಚಿತ್ರಗಳನ್ನು ಚಲಿಸುವಂತೆ ಮಾಡುವ ವಿದ್ಯೆಯಲ್ಲಿ ಒಲವು. ಅದಕ್ಕೆ ಬಲವಾದ ಯಂತ್ರ ಬೇಕು. ಬಲವಾದ ಯಂತ್ರವನ್ನು ಕೇಳಿದರೆ ಅಂಗಡಿಯವರು ತೋರಿಸುವುದು ಬಹುಮಟ್ಟಿಗೆ ಆಟದ ಯಂತ್ರವನ್ನೇ. ಆಟವನ್ನೂ ಅವನು ಆಡುತ್ತಿದ್ದನು. ಅದನ್ನು ಮುಚ್ಚಿಡಲು ಕಾರಣವಿಲ್ಲ.

ಮಳೆಗಾಲ ಹಿಡಿಯುವ ಹೊತ್ತಿಗೆ ಯಂತ್ರ ಒಂದು ದಿನ ನೀಲಿ ಪರದೆ ತೋರಿಸಿ ನಿಂತಿತು. ಎಸ್‌ಎಸ್‌ಡಿ ಸತ್ತಿದೆಯೆಂದು ಅಂಗಡಿಯವರು ಹೇಳಿದರು, ಹೊಸದನ್ನು ಹಾಕಿದರು. ನಾಲ್ಕು ತಿಂಗಳಿಗೆ ಎರಡನೆಯದೂ ಕಾಣೆಯಾಯಿತು. ಯಂತ್ರ ಹಚ್ಚಿದರೆ ಡಿಸ್ಕೇ ಇಲ್ಲವೆಂಬ ಒಕ್ಕಣೆ. ಮತ್ತೊಂದು ಬಂದಿತು. ಎರಡು ತಿಂಗಳಿಗೆ ಅದಕ್ಕೂ ಅದೇ ಗತಿ. ಒಂದೊಂದು ಡಿಸ್ಕಿಗೂ ಆ ತಂದೆಯ ಹತ್ತಿರಹತ್ತಿರ ಅರ್ಧ ತಿಂಗಳ ಸಂಬಳ ಹೋಗುತ್ತಿತ್ತು. ಮೂರನೆಯ ಸಲ ಅಂಗಡಿಯವರು, ರಾತ್ರಿಯೆಲ್ಲ ಆಟವಾಡಿದರೆ ಡಿಸ್ಕು ಸುಡದೆ ಮತ್ತೇನಾದೀತು ಎಂದರಂತೆ.

ತಂದೆ ನೇರವಾಗಿ ಶಾಲೆಗೆ ಬಂದರು. "ಮಾಸ್ತರೇ, ಯಂತ್ರ ಮಾರಿಬಿಡುತ್ತೇನೆ. ಚಿತ್ರವೂ ಬೇಡ, ಗಿತ್ರವೂ ಬೇಡ. ನೀವಾದರೂ ಅವನಿಗೆ ಬುದ್ಧಿ ಹೇಳಿ" ಎಂದರು. ನಾವು ಹುಡುಗನನ್ನು ಕರೆಯಿಸಿ ಆಟದ ಚಟದ ಮೇಲೆ ಅರ್ಧ ಗಂಟೆ ಉಪನ್ಯಾಸವಿತ್ತೆವು. ಅವನು ತಲೆ ತಗ್ಗಿಸಿ ಕೇಳಿದನು. ಕೊನೆಗೆ ಒಂದೇ ಮಾತು: "ಸರ್, ಮೂರೂ ಬೇರೆ ಬೇರೆ ಕಂಪನಿಯವು. ಮೂರೂ ಒಂದೇ ತರಹ ಹೇಗೆ ಸಾಯುತ್ತವೆ?"

ನಮ್ಮಲ್ಲಿ ಉತ್ತರವಿರಲಿಲ್ಲ. ಉತ್ತರವಿಲ್ಲದಿದ್ದರೂ ಉಪನ್ಯಾಸ ಮಾತ್ರ ಇತ್ತು. ಇದು ನಮ್ಮ ವೃತ್ತಿಯವರಿಗೆ ಅಂಟಿದ ರೋಗವೆಂದು ಕಾಣುತ್ತದೆ.

ಆಟ ಡಿಸ್ಕನ್ನು ಕೊಲ್ಲುತ್ತದೆಯೆ? ಮೊದಲು ಈ ಮಾತನ್ನೇ ಪರೀಕ್ಷಿಸೋಣ. ಎಸ್‌ಎಸ್‌ಡಿಯಲ್ಲಿ ತಿರುಗುವ ತಟ್ಟೆಯಿಲ್ಲ, ಸೂಜಿಯಿಲ್ಲ. ಅದರಲ್ಲಿರುವುದು ನ್ಯಾಂಡ್ ಎಂಬ ಸ್ಮರಣ ಬಿಲ್ಲೆಗಳು. ತೋಷಿಬಾ ಸಂಸ್ಥೆಯಲ್ಲಿದ್ದ ಜಪಾನಿನ ಫುಜಿಯೊ ಮಸುವೊಕಾ ಅವರು 1987ರಲ್ಲಿ ಲೋಕದ ಮುಂದಿಟ್ಟ ತಂತ್ರವಿದು. ಕಣ್ಣಿಗೆ ಕಾಣದಷ್ಟು ಚಿಕ್ಕ ಕೋಶಗಳಲ್ಲಿ ವಿದ್ಯುತ್ಕಣಗಳನ್ನು ಕೂಡಿಹಾಕುವುದೇ ಬರೆಯುವುದು; ಹೊರಗೆ ಎಳೆಯುವುದೇ ಅಳಿಸುವುದು. ಬರೆದು ಅಳಿಸಿದಂತೆಲ್ಲ ಕೋಶದ ಸುತ್ತಲಿನ ನಿರೋಧಕ ಪೊರೆ ಇಷ್ಟಿಷ್ಟೇ ಸವೆಯುತ್ತದೆ. ಓದುವುದರಿಂದ ಅಂತಹ ಸವೆತವಿಲ್ಲ. ಆಟವಾದರೋ, ಒಮ್ಮೆ ಡಿಸ್ಕಿನಲ್ಲಿ ಇಳಿದ ಮೇಲೆ, ಬಹುಪಾಲು ಓದಿಸಿಕೊಳ್ಳುವ ವಸ್ತುವೇ ಹೊರತು ಬರೆಯಿಸಿಕೊಳ್ಳುವುದಲ್ಲ.

ಲೆಕ್ಕವನ್ನೇ ಹಾಕಿ ನೋಡಬಹುದು. ಒಂದು ಟೆರಾಬೈಟಿನ ಡಿಸ್ಕಿಗೆ ತಯಾರಕರು 600 ಟೆರಾಬೈಟು ಬರೆಯುವವರೆಗೆ ಭರವಸೆ ಕೊಡುವುದುಂಟು. ಹುಡುಗನು ದಿನಕ್ಕೆ ನಾಲ್ಕು ಗಂಟೆ ಆಡಿ, ಆಡಿದ್ದೆಲ್ಲವನ್ನೂ ಸೆಕೆಂಡಿಗೆ 50 ಮೆಗಾಬಿಟ್ಟಿನಂತೆ ಚಲಚ್ಚಿತ್ರವಾಗಿ ಮುದ್ರಿಸಿಕೊಂಡನೆಂದೇ ಇಟ್ಟುಕೊಳ್ಳಿರಿ. ಗಂಟೆಗೆ 22.5 ಗಿಗಾಬೈಟು, ದಿನಕ್ಕೆ 90. ಆ ಭರವಸೆಯ ಅಂಚು ತಲಪಲು 18 ವರ್ಷ ಬೇಕು. ಎರಡು ತಿಂಗಳಲ್ಲಿ ಆಟದಿಂದ ಡಿಸ್ಕು ಸವೆದುಹೋಯಿತೆಂಬುದು ಏಳನೆಯ ಇಯತ್ತೆಯ ಗಣಿತದ ಮುಂದೆಯೂ ನಿಲ್ಲದು. ಆಟದಿಂದ ಕಾವು ಏರುತ್ತದೆಯೆಂಬುದು ಮಾತ್ರ ನಿಜ. ಹಾಸಿಗೆಯ ಮೇಲಿಟ್ಟು ಆಡಿದರೆ ಗಾಳಿಯ ಕಿಂಡಿ ಮುಚ್ಚಿ ಇನ್ನೂ ಏರುತ್ತದೆ. ಅಂಗಡಿಯವರ ಮಾತಿನಲ್ಲಿ ಇಷ್ಟು ಸತ್ಯವಿತ್ತೆಂದು ಒಪ್ಪಬೇಕು.

ನಮ್ಮ ಗಣಕ ಕೊಠಡಿಯನ್ನು ನೋಡಿಕೊಳ್ಳುವ ಶಿಕ್ಷಕಿ ಈ ಕಥೆ ಕೇಳಿದವರೇ, "ಸತ್ತ ಡಿಸ್ಕುಗಳು ಎಲ್ಲಿವೆ?" ಎಂದರು. ಇದಕ್ಕಿಂತ ಸರಳವಾದ ಪ್ರಶ್ನೆಯುಂಟೆ? ಆದರೂ ಯಾರೂ ಕೇಳಿರಲಿಲ್ಲ. ಮೊದಲನೆಯದು ಅಂಗಡಿಯಲ್ಲೇ ಉಳಿದುಹೋಗಿತ್ತು. ಎರಡನೆಯದು ಮನೆಯ ಡಬ್ಬಿಯಲ್ಲಿತ್ತು. ಮೂರನೆಯದು ಇನ್ನೂ ಯಂತ್ರದೊಳಗೇ ಇತ್ತು. ಡಬ್ಬಿಯಲ್ಲಿದ್ದುದನ್ನು ತರಿಸಿ ಶಾಲೆಯ ಕಚೇರಿಯ ಯಂತ್ರಕ್ಕೆ ಹಾಕಿದರು. ಅದು ಎದ್ದಿತು! ಹುಡುಗನ ಕಡತಗಳೆಲ್ಲ ಇದ್ದ ಹಾಗೆಯೇ ಇದ್ದುವು.

ಇಂತಹ ಡಿಸ್ಕು ತನ್ನ ಆರೋಗ್ಯದ ದಿನಚರಿಯನ್ನು ತಾನೇ ಬರೆದಿಟ್ಟುಕೊಳ್ಳುತ್ತದೆ. ಸ್ಮಾರ್ಟ್ ದಾಖಲೆಯೆಂದು ಅದಕ್ಕೆ ಹೆಸರು. ಬಿಟ್ಟಿಯಾಗಿ ಸಿಗುವ ತಂತ್ರಾಂಶದಿಂದ ಯಾರು ಬೇಕಾದರೂ ಓದಬಹುದು. ಅದರಲ್ಲಿ ಕಂಡದ್ದಿಷ್ಟು: ಒಟ್ಟು ಬರೆದದ್ದು 4 ಟೆರಾಬೈಟು, ಸವೆದ ಆಯುಷ್ಯ ಶೇಕಡಾ 1, ಬಿಲ್ಲೆಗಳ ತಪ್ಪು 0, ಎಚ್ಚರಿಕೆಯ ಉಷ್ಣಮಾನವನ್ನು ಮೀರಿದ ನಿಮಿಷಗಳು 0, ಸರಿಯಾಗಿ ಮುಚ್ಚದೆ ಹಠಾತ್ತನೆ ವಿದ್ಯುತ್ತು ಕಡಿದ ಸಲಗಳು 61. ಕೊನೆಯ ಅಂಕೆಯ ಹೊರತು ಉಳಿದುದೆಲ್ಲ ನಿರೋಗಿಯ ಲಕ್ಷಣ. ಆ 61 ಮಾತ್ರ ಬೇರೊಂದು ಕಥೆ ಹೇಳುತ್ತಿತ್ತು: ಡಿಸ್ಕಿಗೆ ಮೇಲಿಂದಮೇಲೆ ಆಧಾರ ತಪ್ಪಿದೆ.

ಈಗ ಲ್ಯಾಪ್‌ಟಾಪನ್ನು ಬಿಚ್ಚಿದರು. ಚಾರ್ಜರು ತೆಗೆದು, ಬ್ಯಾಟರಿಯ ತಂತಿಯನ್ನು ಕಳಚಿಯೇ ಬಿಚ್ಚಿದರೆಂಬುದನ್ನು ಚಿಕ್ಕವರು ಗಮನಿಸಬೇಕು. ಅದರಲ್ಲಿ ಡಿಸ್ಕಿಗೆ ಎರಡು ಗೂಡುಗಳು. ಮೊದಲನೆಯ ಗೂಡಿನಲ್ಲಿ ಮೂರನೆಯ ಡಿಸ್ಕನ್ನು ಸ್ಕ್ರೂ ಇಲ್ಲದೆ ಅಂಟುಪಟ್ಟಿಯಿಂದ ಒತ್ತಿ ಹಿಡಿಸಿತ್ತು. ಕಾವನ್ನು ಹೊರಕ್ಕೆ ಒಯ್ಯುವ ಮೆತ್ತನೆಯ ಪಟ್ಟಿಯೂ ಇರಲಿಲ್ಲ. ಹುಡುಗ ಒಡನೆಯೇ ಸ್ಕ್ರೂ ಹುಡುಕಹೊರಟನು. ಶಿಕ್ಷಕಿ ತಡೆದರು. ಮೊದಲು ಡಿಸ್ಕನ್ನು ಎರಡನೆಯ ಗೂಡಿಗೆ ಹಾಕಿ ಭದ್ರಪಡಿಸಿದರು. ಹತ್ತು ದಿನ ಅವನು ಎಂದಿನಂತೆ ಚಿತ್ರ ಬಿಡಿಸಿದನು, ಎಂದಿನಂತೆ ಆಡಿದನು, ಏನೂ ಆಗಲಿಲ್ಲ. ಆಮೇಲೆ ಮೊದಲಿನ ಗೂಡಿಗೇ, ಮೊದಲಿನಂತೆಯೇ ಪಟ್ಟಿ ಅಂಟಿಸಿ ಇಟ್ಟರು. ಆ ಸಂಜೆಯೇ ಒಂದು ಗಂಟೆಯೊಳಗೆ ಡಿಸ್ಕು ಮಾಯವಾಯಿತು. ಕೊನೆಗೆ ಅದೇ ಗೂಡಿನಲ್ಲಿ ಸ್ಕ್ರೂ ಬಿಗಿದು ಕಾವಿನ ಪಟ್ಟಿಯನ್ನಿಟ್ಟರು. ಮತ್ತೆ ಮಾಯವಾಗಿಲ್ಲ. ಎರಡನ್ನೂ ಒಟ್ಟಿಗೇ ಮಾಡಿದುದರಿಂದ ಯಾವುದರಿಂದ ಗುಣವಾಯಿತೆಂದು ಖಂಡಿತವಾಗಿ ಹೇಳಲು ಬಾರದು. ಉಷ್ಣಮಾನ ಎಚ್ಚರಿಕೆಯ ಗೆರೆ ದಾಟಿರಲಿಲ್ಲವಾದ ಕಾರಣ ನಮ್ಮ ಸಂಶಯ ಸ್ಕ್ರೂವಿನ ಮೇಲೆ.

ಹಾಗಾದರೆ ಮೊದಲನೆಯ ಡಿಸ್ಕು? ಅದು ನಿಜವಾಗಿಯೇ ಸತ್ತಿರಬಹುದು. ಹಳೆಯ ಯಂತ್ರ, ಎಷ್ಟು ಬಳಸಿದ್ದರೋ ತಿಳಿಯದು. ನಮಗೆ ಮುಖ್ಯವೆಂದು ತೋರುವುದು ಇದೇ: ಒಂದು ಸಲ ನಿಜವಾದ ಮಾತು ಮುಂದಿನ ಎರಡು ಸಲಕ್ಕೂ ಪ್ರಮಾಣಪತ್ರವಾಯಿತು. ಹಿಂದೆಯೂ ಡಿಸ್ಕೇ ಸತ್ತಿತ್ತು, ಈಗಲೂ ಡಿಸ್ಕೇ ಎಂದುಬಿಟ್ಟರು. ಆದರೆ ಒಂದೇ ಜಾಗದಲ್ಲಿ ಹೊಸ ವಸ್ತು ಪುನಃ ಪುನಃ ಕೆಡುತ್ತಿದ್ದರೆ ಸಂಶಯ ವಸ್ತುವಿನಿಂದ ಜಾಗದ ಕಡೆಗೆ ತಿರುಗತಕ್ಕುದು. ಹುಡುಗ ಕೇಳಿದ್ದು ಇದನ್ನೇ. ಹಿರಿಯರಾದ ನಾವು ಕೇಳಿಸಿಕೊಳ್ಳಲಿಲ್ಲ.

ಅಂಗಡಿಯ ಹುಡುಗರನ್ನೇ ಪೂರ್ತಿಯಾಗಿ ದೂರಲು ಮನಸ್ಸೊಪ್ಪದು. ದಿನಕ್ಕೆ ಇಷ್ಟು ಯಂತ್ರ ಮುಗಿಸಬೇಕೆಂಬ ಕಟ್ಟಳೆಯಲ್ಲಿ ದುಡಿಯುವವರಿಗೆ ಹತ್ತು ದಿನ ಕಾದುನೋಡುವ ಅವಕಾಶವೆಲ್ಲಿ? ಬದಲಿಸುವುದಕ್ಕೆ ಹಣ ಸಿಗುತ್ತದೆ, ಯೋಚಿಸುವುದಕ್ಕೆ ಸಿಗುವುದಿಲ್ಲ. ಆದುದರಿಂದಲೇ ಯೋಚಿಸುವ ಪಾಲು ಯಂತ್ರದ ಒಡೆಯನಿಗೆ ಬೀಳುತ್ತದೆ. ಸತ್ತಿತೆಂದು ಹೇಳಿದ ಡಿಸ್ಕನ್ನು ಬೇರೊಂದು ಯಂತ್ರದಲ್ಲಿ ನೋಡಿದಿರಾ ಎಂದು ಕೇಳುವುದಕ್ಕೆ ಯಾವ ಪದವಿಯೂ ಬೇಕಿಲ್ಲ.

ಎಲ್ಲ ಕಡೆಯೂ ಸ್ಕ್ರೂವೇ ಕಾರಣವೆಂದು ಯಾರೂ ತಿಳಿಯಬಾರದು. ದೋಷವುಳ್ಳ ರ‍್ಯಾಮು ಕಡತಗಳನ್ನು ಕೆಡಿಸಿ ಡಿಸ್ಕಿನ ಮೇಲೆ ಅಪವಾದ ಹೊರಿಸುತ್ತದೆ. ಇಂಟೆಲ್ಲಿನ ಇತ್ತೀಚಿನ ಹಲವು ಲ್ಯಾಪ್‌ಟಾಪುಗಳಲ್ಲಿ ವಿಎಮ್‌ಡಿ ಎಂಬ ಏರ್ಪಾಡು ಚಾಲೂ ಇದ್ದರೆ, ತಕ್ಕ ಡ್ರೈವರು ಕೊಡುವವರೆಗೆ ವಿಂಡೋಸಿನ ಸ್ಥಾಪಕಕ್ಕೆ ಡಿಸ್ಕೇ ಕಾಣಿಸದು. ಅದನ್ನೂ ಸಾವೆಂದು ಭ್ರಮಿಸುವವರುಂಟು. ಒಮ್ಮೊಮ್ಮೆ ದೋಷ ಡಿಸ್ಕಿನೊಳಗೇ, ಆದರೆ ಬಿಲ್ಲೆಯಲ್ಲಲ್ಲ, ಅದನ್ನು ನಡೆಸುವ ಫರ್ಮ್‌ವೇರಿನಲ್ಲಿ ಇರುತ್ತದೆ. 2019ರ ನವೆಂಬರಿನಲ್ಲಿ ಹ್ಯೂಲೆಟ್ ಪ್ಯಾಕರ್ಡ್ ಎಂಟರ್‌ಪ್ರೈಸ್ ಸಂಸ್ಥೆ ತನ್ನ ಸರ್ವರುಗಳ ಕೆಲವು ಎಸ್‌ಎಸ್‌ಡಿಗಳ ಬಗ್ಗೆ ಪ್ರಕಟಣೆ ಹೊರಡಿಸಿತು: ಫರ್ಮ್‌ವೇರು ಬದಲಿಸದಿದ್ದರೆ 32,768 ಗಂಟೆ ನಡೆದೊಡನೆ ಅವು ಸಾಯುವುವು, ಒಳಗಿನ ಮಾಹಿತಿಯೂ ಮರಳಿ ಸಿಗದು. ಮೂರು ವರ್ಷ, 270 ದಿನ, 8 ಗಂಟೆ. ಎರಡನ್ನು ಹದಿನೈದು ಸಲ ಗುಣಿಸಿ ಬರುವ ಸಂಖ್ಯೆಯೂ 32,768 ಎಂಬುದನ್ನು ಗಣಿತದ ವಿದ್ಯಾರ್ಥಿಗಳು ತಾವೇ ಮಾಡಿ ನೋಡಲಿ. ಒಂದೇ ದಿನ ಹಚ್ಚಿದ ಡಿಸ್ಕುಗಳು ಒಂದೇ ಗಳಿಗೆಯಲ್ಲಿ ಸತ್ತರೆ, ಪರಸ್ಪರ ಪ್ರತಿಗಳೆಂದು ನಂಬಿದ್ದ ಎರಡು ಡಿಸ್ಕೂ ಒಟ್ಟಿಗೆ ಹೋದಂತೆಯೇ ಸರಿ.

ಪ್ರತಿಯ ಮಾತು ಬಂದುದರಿಂದ ಹೇಳುತ್ತೇವೆ. ಅಂಗಡಿಯಲ್ಲಿ ಉಳಿದ ಮೊದಲನೆಯ ಡಿಸ್ಕಿನಲ್ಲಿ ಆ ಹುಡುಗ ಮೂರು ವರ್ಷದಿಂದ ಬಿಡಿಸಿದ ಚಿತ್ರಗಳಿದ್ದುವು. ಬೇರೆ ಪ್ರತಿ ಇರಲಿಲ್ಲ. ಕೇಳಲು ಹೋದಾಗ ಡಿಸ್ಕು ಎಂದೋ ಗುಜರಿಗೆ ಹೋಗಿತ್ತು. ಅದು ಸತ್ತಿತ್ತೋ, ಮೂರ್ಛೆಯಲ್ಲಿತ್ತೋ, ಇನ್ನು ತಿಳಿಯುವ ಬಗೆಯಿಲ್ಲ. ಕೆಟ್ಟಿತೆಂದ ಡಿಸ್ಕನ್ನು ಕೇಳಿ ಮನೆಗೆ ತನ್ನಿರಿ. ಇನ್ನೊಂದು ಪ್ರತಿಯನ್ನು ಇಂದೇ ಮಾಡಿಡಿರಿ. ಸಾವು ನಿಜವಾದರೂ ಸುಳ್ಳಾದರೂ ಅದು ಕೈಬಿಡದು.

ತಂದೆ ಯಂತ್ರವನ್ನು ಮಾರಲಿಲ್ಲ. ನಾವು ಅವರ ಹೋಟೆಲಿಗೆ ಹೋಗಿ ನಡೆದುದನ್ನು ತಿಳಿಸಿ, ಹುಡುಗನ ಮುಂದೆಯೇ ನಮ್ಮ ಉಪನ್ಯಾಸವನ್ನು ಹಿಂದಕ್ಕೆ ಪಡೆದೆವು. ತಂದೆ ಏನೂ ಹೇಳದೆ ಮೂವರಿಗೂ ಚಹಾ ತರಿಸಿದರು. ಹುಡುಗ ಎರಡನೆಯ ಡಿಸ್ಕನ್ನು ಶಾಲೆಗೇ ಕೊಟ್ಟಿದ್ದಾನೆ. ಈ ಸಂಚಿಕೆಯ ಹಸ್ತಪ್ರತಿಗಳೆಲ್ಲ ಬೆರಳಚ್ಚಾಗಿ ಕುಳಿತಿರುವುದು ಅದರಲ್ಲೇ. ಇನ್ನೊಂದು ಪ್ರತಿ ಮುಖ್ಯೋಪಾಧ್ಯಾಯರ ಕಪಾಟಿನಲ್ಲಿದೆ.