ಹೇಳದೆ ಕೇಳದೆ ಮೇಲೆ ಬಿದ್ದದ್ದಕ್ಕೆ ಹೆಸರೇನು?

ಬಿಟಿಎಂ ಲೇಔಟಿನ ನಮ್ಮ ಪಿಜಿಯಲ್ಲಿ ಪಕ್ಕದ ಮಂಚದ ಹುಡುಗಿ ಕೆಎಎಸ್ ಪರೀಕ್ಷೆಗೆ ಓದುತ್ತಿದ್ದಾಳೆ. ಒಂದು ರಾತ್ರಿ ಗೈಡ್ ಹಿಡಿದುಕೊಂಡು ಬಂದಳು. ‘ಅಕ್ಕಾ, ಹಠಾತ್ ದಾಳಿಗೆ ಸಮಾನಾರ್ಥಕ ಪದ ಯಾವುದು? ನಾಲ್ಕೂ ಸರಿ ಅನ್ನಿಸ್ತಿದೆ.’ ಕೊಟ್ಟಿದ್ದ ನಾಲ್ಕು ಪದಗಳು: ಲಗ್ಗೆ, ಮುತ್ತಿಗೆ, ಆಕ್ರಮಣ, ಕಾಳಗ. ವೀರಗಲ್ಲುಗಳ ಭಾಷೆಯ ಮೇಲೆ ಪಿಎಚ್‌ಡಿ ಮಾಡುತ್ತಿರುವವಳು ನಾನು. ‘ನಾಲ್ಕೂ ತಪ್ಪು’ ಅಂದೆ. ‘ನಾಲ್ಕೂ ತಪ್ಪು ಅಂತ ಬರೆಯೋಕೆ ಜಾಗ ಇಲ್ಲವಲ್ಲಕ್ಕಾ’ ಅಂದಳು.

ಅವಳು ತಮಾಷೆಗೆ ಹೇಳಿದ್ದು. ಆದರೆ ಕನ್ನಡದ ಇವತ್ತಿನ ಸ್ಥಿತಿಯೂ ಅದೇ. ಬೇರೆ ಬೇರೆ ಕೆಲಸಕ್ಕೆಂದು ಹುಟ್ಟಿದ ಪದಗಳನ್ನು ಒಂದೇ ಮೂಟೆಗೆ ತುಂಬಿ ‘ಸಮಾನಾರ್ಥಕ’ ಎಂದು ಚೀಟಿ ಅಂಟಿಸಿದ್ದೇವೆ. ಆ ಮೂಟೆಯಿಂದ ಯಾವ ಪದವನ್ನು ಯಾರಿಗೆ ಹೊರತೆಗೆಯುತ್ತೇವೆ ಎಂಬುದರಲ್ಲಿ ಮಾತ್ರ ಬಹಳ ಜಾಣರಾಗಿದ್ದೇವೆ.

ಮೊದಲು ಪದಗಳನ್ನೇ ನೋಡೋಣ. ಮುತ್ತಿಗೆ ಎಂದರೆ ಸುತ್ತುವರಿದು ಕಾಯುವುದು. ಅದು ಒಳಗಿರುವವರಿಗೂ ಗೊತ್ತಿರುತ್ತದೆ. ಹಠಾತ್ ಆಗುವ ಮಾತೇ ಇಲ್ಲ. ಲಗ್ಗೆ ಎಂದರೆ ಕೋಟೆಯ ಗೋಡೆ ಹತ್ತಿ ನುಗ್ಗುವುದು. ‘ಲಗ್ಗೆ ಹತ್ತು’ ಎಂಬ ಹಳೆಯ ಬಳಕೆಯಲ್ಲಿ ಆ ಏಣಿ ಇನ್ನೂ ಇದೆ. ಇವೆರಡರ ವ್ಯತ್ಯಾಸ ತಿಳಿಯಬೇಕಿದ್ದರೆ ಜಯನಗರದಿಂದ ಬಸ್ಸು ಹತ್ತಿ ಸಿಟಿ ಮಾರ್ಕೆಟ್ಟಿನಲ್ಲಿ ಇಳಿಯಿರಿ. ಅಲ್ಲಿ ಉಳಿದಿರುವ ಕೋಟೆಯ ಗೋಡೆಯಲ್ಲಿ ಒಂದು ಕಲ್ಲುಫಲಕವಿದೆ. 1791ರ ಮಾರ್ಚ್ 7ರಂದು ಕಾರ್ನ್‌ವಾಲಿಸ್‌ನ ಸೈನ್ಯ ಪೇಟೆಯನ್ನು ಹಿಡಿಯಿತು. ಆಮೇಲೆ ಎರಡು ವಾರ ಫಿರಂಗಿಯಿಂದ ಕೋಟೆಗೋಡೆ ಒಡೆಯಿತು, ಅದು ಮುತ್ತಿಗೆ. ಮಾರ್ಚ್ 21ರ ರಾತ್ರಿ ಆ ಬಿರುಕಿನಿಂದ ಒಳನುಗ್ಗಿತು, ಅದು ಲಗ್ಗೆ. ಕೋಟೆ ಕಾಯುತ್ತಿದ್ದ ಕಿಲ್ಲೇದಾರ ಬಹಾದೂರ್ ಖಾನ್ ಸತ್ತದ್ದು ಲಗ್ಗೆಯಲ್ಲಿ. ಇವತ್ತು ಮಾರುಕಟ್ಟೆಗೆ ‘ಲಗ್ಗೆ’ ಇಡುವುದು ಕಲ್ಲಂಗಡಿ ಹಣ್ಣು ಮತ್ತು ಹೊಸ ಮೊಬೈಲು.

ಇನ್ನೂ ಹಿಂದೆ ಹೋದರೆ ಪದಗಳು ಇನ್ನೂ ಖಚಿತ. ನಮ್ಮ ಬಿಟಿಎಂನಿಂದ ಹೆಚ್ಚು ದೂರವಿಲ್ಲದ ಬೇಗೂರಿನ ನಾಗೇಶ್ವರ ದೇವಸ್ಥಾನದಲ್ಲಿ ಸುಮಾರು 890ರ ಶಾಸನವೊಂದಿದೆ. ‘ಬೆಂಗಳೂರು’ ಎಂಬ ಹೆಸರು ಮೊದಲು ಸಿಗುವ ಶಾಸನವೆಂದು ಎಲ್ಲರಿಗೂ ಗೊತ್ತು. ಆ ಹೆಸರಿನ ಪಕ್ಕದಲ್ಲಿರುವ ಪದ ಯಾವುದೆಂದು ಮಾತ್ರ ಯಾರೂ ಕೇಳುವುದಿಲ್ಲ. ಅದು ‘ಕಾಳೆಗ’. ಎರಡು ಕಡೆಯವರೂ ಆಯುಧ ಹಿಡಿದು ಎದುರುಬದುರಾದ ಹೋರಾಟ. ಎದುರಿಗೆ ಬಾರದೆ ಬಂದವರಿಗೆ ವೀರಗಲ್ಲುಗಳು ಬೇರೆ ಪದಗಳನ್ನು ಬಳಸಿದವು: ತುರುಗೋಳ್, ಊರಳಿವು, ಪೆಣ್ಬುಯ್ಯಲ್. ಮೊದಲನೆಯದರಲ್ಲಿ ಹೋದದ್ದು ದನ, ಎರಡನೆಯದರಲ್ಲಿ ಊರು. ಮೂರನೆಯದರಲ್ಲಿ ಕೇಳುವುದು ಹೊತ್ತೊಯ್ಯಲ್ಪಟ್ಟ ಹೆಣ್ಣುಮಕ್ಕಳ ಮೊರೆ.

ವೀರಗಲ್ಲಿನ ಕಾಲ ಒಳ್ಳೆಯದಿತ್ತೆಂದು ನಾನು ಹೇಳುತ್ತಿಲ್ಲ. ಸತ್ತವನಿಗೆ ಕಲ್ಲು ನೆಟ್ಟು ಸ್ವರ್ಗ ಕೊಟ್ಟು ಕೈತೊಳೆದುಕೊಂಡ ಕಾಲ ಅದು. ಆದರೂ ಆ ಪದಗಳಲ್ಲಿ ಒಂದು ಪ್ರಾಮಾಣಿಕತೆ ಇತ್ತು. ಕಳೆದುಹೋದದ್ದು ಏನು ಎಂಬುದು ಹೆಸರಿನಲ್ಲೇ ಇರುತ್ತಿತ್ತು.

ಈಗ ಬನಶಂಕರಿಗೆ ಬನ್ನಿ. ನಾನು ಹೂವು ಕೊಳ್ಳುವ ಅಕ್ಕ ಅಲ್ಲಿ ಹತ್ತು ವರ್ಷದಿಂದ ಒಂದೇ ಮೂಲೆಯಲ್ಲಿ ಬುಟ್ಟಿ ಇಟ್ಟುಕೊಂಡಿದ್ದವರು. ವ್ಯಾಪಾರದ ಪ್ರಮಾಣಪತ್ರವನ್ನು ಪ್ಲಾಸ್ಟಿಕ್ ಹಾಕಿಸಿ ಬುಟ್ಟಿಯ ಪಕ್ಕದಲ್ಲೇ ಇಟ್ಟಿರುತ್ತಿದ್ದರು. ಹಬ್ಬದ ಹಿಂದಿನ ದಿನ ಬೆಳಿಗ್ಗೆ ಹೋದರೆ ಮೂಲೆ ಖಾಲಿ. ಮೋರಿಯ ಪಕ್ಕ ಸೇವಂತಿಗೆ ಚೆಲ್ಲಿತ್ತು. ಅಕ್ಕ ಎದುರಿನ ಮೆಟ್ಟಿಲ ಮೇಲೆ ಕೂತಿದ್ದರು. ‘ಏನಾಯ್ತಕ್ಕಾ?’ ಅಂದೆ. ‘ಹೇಳ್ದೆ ಕೇಳ್ದೆ ಮೇಲ್ ಬಿದ್ರು ಕಣಮ್ಮಾ. ಬುಟ್ಟಿ, ತಕ್ಕಡಿ ಎಲ್ಲಾ ಗಾಡಿಗೆ ಎಸ್ಕೊಂಡು ಹೋದ್ರು’ ಅಂದರು.

ಗೈಡಿನ ಪ್ರಶ್ನೆಗೆ ಉತ್ತರ ನನಗೆ ಸಿಕ್ಕಿದ್ದು ಅಲ್ಲಿ. ‘ಹೇಳದೆ ಕೇಳದೆ ಮೇಲೆ ಬೀಳುವುದು.’ ಹಠಾತ್ ದಾಳಿಗೆ ಇದಕ್ಕಿಂತ ಖಚಿತವಾದ ಕನ್ನಡ ಇಲ್ಲ.

ಮರುದಿನದ ಪತ್ರಿಕೆಯಲ್ಲಿ ಅದಕ್ಕೆ ಬೇರೆ ಹೆಸರಿತ್ತು: ‘ಫುಟ್‌ಪಾತ್ ತೆರವು ಕಾರ್ಯಾಚರಣೆ’. ಅದೇ ಪುಟದಲ್ಲಿ ಇನ್ನೊಂದು ಸುದ್ದಿ: ‘ಅಧಿಕಾರಿಯ ಮನೆ ಮೇಲೆ ಲೋಕಾಯುಕ್ತ ದಾಳಿ’.

ಈ ಎರಡು ಶೀರ್ಷಿಕೆಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಅಧಿಕಾರಿಯ ಮನೆಗೆ ಹೋದವರ ಕೈಯಲ್ಲಿ ಶೋಧನಾ ವಾರಂಟ್ ಇರುತ್ತದೆ. ವಶಪಡಿಸಿಕೊಂಡದ್ದಕ್ಕೆ ಪಟ್ಟಿ, ಪಂಚರ ಸಹಿ ಇರುತ್ತದೆ. ಮುಂಚೆಯೇ ಹೇಳಿ ಹೋದರೆ ದಾಖಲೆ ಉಳಿಯುವುದಿಲ್ಲವಾದ್ದರಿಂದ ಹೇಳದೆ ಹೋಗುವುದು ಕಾನೂನಿಗೇ ಅಗತ್ಯ. ಅದಕ್ಕೆ ‘ಶೋಧ’ ಎಂಬ ಎರಡಕ್ಷರದ ಪದ ಸಿದ್ಧವಿದೆ. ನಾವು ‘ದಾಳಿ’ ಎನ್ನುತ್ತೇವೆ. ಕೋಟಿ ಕೂಡಿಟ್ಟವನೂ ಆ ಪದದ ದಯೆಯಿಂದ ದಾಳಿಗೊಳಗಾದ ಪಾಪದವನಾಗುತ್ತಾನೆ.

ಹೂವಿನ ಅಕ್ಕನ ವಿಷಯದಲ್ಲಿ ಕಾನೂನು ಇದಕ್ಕೆ ತದ್ವಿರುದ್ಧ. 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆಯ ಪ್ರಕಾರ ಪ್ರಮಾಣಪತ್ರ ಇರುವ ವ್ಯಾಪಾರಿಯನ್ನು ಎಬ್ಬಿಸಬೇಕಾದರೆ 30 ದಿನ ಮುಂಚೆ ನೋಟಿಸ್ ಕೊಡಬೇಕು. ಸರಕು ವಶಪಡಿಸಿಕೊಂಡರೆ ಪಟ್ಟಿ ಕೊಡಬೇಕು. ಹೂವು, ಹಣ್ಣಿನಂತೆ ಕೆಡುವ ವಸ್ತುವಾದರೆ ಕೇಳಿದ ದಿನವೇ ಹಿಂತಿರುಗಿಸಬೇಕು. ಅಂದರೆ ಇಲ್ಲಿ ‘ಹಠಾತ್’ ಎಂಬುದೇ ಅಪರಾಧ. ಆ ಅಪರಾಧವನ್ನು ಹೇಳುವ ಪದವನ್ನೇ ನಾವು ತೆಗೆದುಹಾಕಿದ್ದೇವೆ. ‘ತೆರವು’ ಎಂಬ ಪದದಲ್ಲಿ ಜಾಗ ಮಾತ್ರ ಇದೆ, ಮನುಷ್ಯರಿಲ್ಲ. ‘ಕಾರ್ಯಾಚರಣೆ’ಯಲ್ಲಿ ಮಾಡಿದವರ ದಕ್ಷತೆ ಇದೆ, ಮೋರಿಗೆ ಬಿದ್ದ ಸೇವಂತಿಗೆ ಇಲ್ಲ. ಚಿರತೆ ಹಿಡಿಯುವುದಕ್ಕೂ ಅದೇ ಪದ, ಹೂವಿನವರನ್ನು ಎಬ್ಬಿಸುವುದಕ್ಕೂ ಅದೇ.

‘ಭಾಷೆ ಬದಲಾಗುತ್ತದೆ, ನಿಮ್ಮದು ಮಡಿವಂತಿಕೆ’ ಎನ್ನುವವರಿದ್ದಾರೆ. ನನಗೆ ಮಡಿಯಿಲ್ಲ. ‘ರೈಡ್ ಬಿತ್ತು’ ಅಂದರೆ ನನಗೆ ಸಂತೋಷವೇ. ಗೆರಿಲ್ಲಾ ಕೂಡ ಕನ್ನಡವೇ. ಸಂಸ್ಕೃತದ ‘ಧಾಟೀ’ ತದ್ಭವವಾಗಿ ‘ದಾಳಿ’ಯಾದದ್ದು, ಆ ‘ಧಾಟಿ’ಯೇ ಇವತ್ತು ಮಾತಿನ ರೀತಿ ಎಂಬ ಅರ್ಥದಲ್ಲಿ ನಮ್ಮಲ್ಲಿ ಉಳಿದದ್ದು ನನಗೆ ಇಷ್ಟವಾದ ಬದಲಾವಣೆಗಳು. ಜಯನಗರದಲ್ಲೇ ಬಾಳಿ, 2021ರಲ್ಲಿ 107ನೇ ವಯಸ್ಸಿನಲ್ಲಿ ತೀರಿಕೊಂಡ ಜಿ. ವೆಂಕಟಸುಬ್ಬಯ್ಯನವರು ‘ಇಗೋ ಕನ್ನಡ’ ಅಂಕಣದಲ್ಲಿ ಓದುಗರ ಪ್ರಶ್ನೆಗಳಿಗೆ ಉತ್ತರಿಸುತ್ತಾ ಹೋದರು. ಒಂದು ಪದದ ಬಗ್ಗೆ ಪ್ರಶ್ನೆ ಕೇಳುವುದು ಮಡಿವಂತಿಕೆಯಲ್ಲ, ಅದು ಓದುಗರ ಹಕ್ಕು. ನನ್ನ ತಕರಾರು ಪದ ಬದಲಾದದ್ದಕ್ಕಲ್ಲ. ಬದಲಾವಣೆ ಯಾವಾಗಲೂ ಬಲವಿದ್ದವರ ಕಡೆಗೇ ವಾಲುತ್ತದಲ್ಲ, ಅದಕ್ಕೆ.

ಹಾಗಾಗಿ ಕನ್ನಡ ಓದುವ, ಬರೆಯುವ ಗೆಳೆಯರಲ್ಲಿ ಒಂದೇ ಕೇಳಿಕೆ. ‘ದಾಳಿ’ ಎಂದು ಬರೆಯುವ ಮುನ್ನ, ‘ಕಾರ್ಯಾಚರಣೆ’ ಎಂದು ಬರೆಯುವ ಮುನ್ನ ಎರಡು ಪ್ರಶ್ನೆ ಹಾಕಿಕೊಳ್ಳಿ. ಹೇಳಿ ಬಂದರೋ, ಹೇಳದೆ ಬಂದರೋ? ಕಳೆದುಕೊಂಡದ್ದು ಯಾರು, ಏನನ್ನು? ಉತ್ತರ ಸಿಕ್ಕಮೇಲೆ ಪದ ತಾನಾಗಿ ಸಿಗುತ್ತದೆ.

ಅಕ್ಕ ಈಗ ಎರಡು ಬೀದಿ ಆಚೆ ಕೂರುತ್ತಾರೆ. ಬುಟ್ಟಿ ಹೊಸದು, ಚಿಕ್ಕದು. ಹಳೆಯದು ವಾಪಸ್ ಬಂದಿಲ್ಲ. ಪಕ್ಕದ ಮಂಚದ ಹುಡುಗಿ ಆ ಪ್ರಶ್ನೆಗೆ ‘ಲಗ್ಗೆ’ ಎಂದು ಗುರುತು ಹಾಕಿದ್ದಾಳೆ. ಗೈಡಿನ ಹಿಂದಿನ ಪುಟದ ಪ್ರಕಾರ ಅದೇ ಸರಿಯುತ್ತರ. ನಾಳೆ ಅವಳು ಅಧಿಕಾರಿಯಾಗುತ್ತಾಳೆ, ಕಡತಗಳಿಗೆ ಸಹಿ ಹಾಕುತ್ತಾಳೆ. ಆ ಕಡತದಲ್ಲಿ ಯಾವ ಪದ ಇರುತ್ತದೆ ಎಂಬುದೇ ನನ್ನ ಚಿಂತೆ.