ಓಡುವ ಮಕ್ಕಳು ಭಾರ ಎತ್ತಬಾರದೇ?

ಕಳೆದ ತಿಂಗಳು ತಂದೆಯೊಬ್ಬರು 14 ವರ್ಷದ ಮಗನನ್ನು ಕರೆದುಕೊಂಡು ನನ್ನ ಚಿಕಿತ್ಸಾಲಯಕ್ಕೆ ಬಂದಿದ್ದರು. ಹುಡುಗ ಶಾಲೆಯ ಫುಟ್‌ಬಾಲ್ ತಂಡದಲ್ಲಿ ಆಡುತ್ತಾನೆ. ಓಟದ ವೇಗ ಹೆಚ್ಚಲು ವಾರಕ್ಕೆರಡು ದಿನ ಭಾರ ಎತ್ತುವ ಅಭ್ಯಾಸ ಮಾಡಬೇಕೆಂದು ತರಬೇತುದಾರರು ಸೂಚಿಸಿದ್ದರಂತೆ. “ಡಾಕ್ಟ್ರೇ, ಈ ವಯಸ್ಸಿನಲ್ಲಿ ಭಾರ ಎತ್ತಿದರೆ ಹುಡುಗ ಕುಳ್ಳನಾಗಿ ಉಳಿಯುವುದಿಲ್ಲವೇ?” ಎಂಬುದು ತಂದೆಯವರ ಆತಂಕ. ಇಪ್ಪತ್ತು ವರ್ಷಗಳ ಹಿಂದೆ ನಾನೇ ಅನೇಕ ಪಾಲಕರಿಗೆ “ಹೌದು, ಬೇಡ” ಎಂದು ಹೇಳಿ ಕಳುಹಿಸಿದ್ದೇನೆ. ಆ ಸಲಹೆ ತಪ್ಪಾಗಿತ್ತೆಂದು ಒಪ್ಪಿಕೊಳ್ಳುವುದು ಈಗ ನನ್ನ ಕರ್ತವ್ಯ.

ಆಗ ನನಗೆ ಆಧಾರವಾಗಿದ್ದುದು ಅಷ್ಟಾಂಗ ಹೃದಯ. ಅದರ ದಿನಚರ್ಯೆಯ ಅಧ್ಯಾಯದಲ್ಲಿ ವಾಗ್ಭಟರು ವ್ಯಾಯಾಮ ವರ್ಜಿಸಬೇಕಾದವರ ಸಾಲಿನಲ್ಲಿ ಬಾಲರನ್ನೂ ಸೇರಿಸಿದ್ದಾರೆ. ಶಾಸ್ತ್ರದ ಎಣಿಕೆಯಲ್ಲಿ 16ರವರೆಗೆ ಬಾಲ್ಯ. ಆದರೆ ಸುಶ್ರುತರು ಶರೀರಕ್ಕೆ ಆಯಾಸ ತರುವ ಕರ್ಮವನ್ನೇ ವ್ಯಾಯಾಮವೆಂದು ಕರೆದಿದ್ದಾರೆ. ಆದುದರಿಂದ ಬಾಲರಿಗೆ ನಿಷಿದ್ಧವಾದುದು ಬಳಲಿಸುವ ಶ್ರಮವೆಂದೇ ನಾನು ಅರ್ಥೈಸುತ್ತೇನೆ. ಬಿಸಿಲಿನಲ್ಲಿ ಎರಡು ಗಂಟೆ ಓಡಿ, ಹಾರಿ, ಬೀಳುವ ಆಟಕ್ಕೆ ಮಕ್ಕಳನ್ನು ಕಳುಹಿಸುವ ನಾವು ಹತ್ತು ಬಸ್ಕಿಗೆ ಹೆದರುವುದರಲ್ಲಿ ಅರ್ಥವಿಲ್ಲ.

ಕ್ರೀಡಾವಿಜ್ಞಾನ ಹೇಳುವುದನ್ನೂ ಗಮನಿಸೋಣ. ಜರ್ಮನಿಯ ವೃತ್ತಿಪರ ಲೀಗಿನ 360 ಗೋಲುಗಳನ್ನು ಪರಿಶೀಲಿಸಿ 2012ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಶೇ. 45ರಷ್ಟು ಗೋಲುಗಳಲ್ಲಿ ಗೋಲು ಹೊಡೆದ ಆಟಗಾರ ಅದಕ್ಕೆ ಮುನ್ನ ನೇರವಾಗಿ ವೇಗದಿಂದ ಓಡಿದ್ದ. ನಾರ್ವೆಯ 17 ಆಟಗಾರರನ್ನು ಕುರಿತ 2004ರ ಅಧ್ಯಯನದಲ್ಲಿ, ಹೆಗಲ ಮೇಲೆ ಹೆಚ್ಚು ಭಾರ ಹೊತ್ತು ಬಸ್ಕಿ ಹೊಡೆಯಬಲ್ಲವರೇ 10 ಮೀಟರ್ ಓಟದಲ್ಲಿಯೂ ಮುಂದಿದ್ದರು. ಮುಂದೆ ಜರ್ಮನಿಯಲ್ಲಿ 134 ಎಳೆಯ ಆಟಗಾರರನ್ನು ಎರಡು ವರ್ಷ ಗಮನಿಸಲಾಯಿತು. ಆಟದ ಜೊತೆಗೆ ವಾರಕ್ಕೆರಡು ಬಾರಿ ಬಲಾಭ್ಯಾಸ ಮಾಡಿದವರ ವೇಗವು ಕೇವಲ ಆಟವಾಡಿದವರಿಗಿಂತ ಹೆಚ್ಚು ಸುಧಾರಿಸಿತು.

ಇದರ ಕಾರಣ ಸರಳ. ಓಟದ ಮೊದಲ ಹೆಜ್ಜೆಗಳಲ್ಲಿ ಪಾದವು ನೆಲಕ್ಕೆ ತಾಗಿರುವುದು ಸೆಕೆಂಡಿನ ಐದನೆಯ ಒಂದು ಭಾಗದಷ್ಟು ಮಾತ್ರ. ಅಷ್ಟರೊಳಗೆ ಭೂಮಿಯನ್ನು ಬಲವಾಗಿ ಒತ್ತಿದವನು ಮುಂದೆ ಚಿಮ್ಮುತ್ತಾನೆ. ಪ್ರಾಯಕ್ಕೆ ಬರುವ ಮುನ್ನ ಈ ಅಭ್ಯಾಸದಿಂದ ಮಾಂಸಖಂಡ ಅಷ್ಟಾಗಿ ದಪ್ಪವಾಗುವುದಿಲ್ಲ. ಸ್ನಾಯುವಿನ ಎಳೆಗಳನ್ನು ಒಟ್ಟಿಗೆ ದುಡಿಸಲು ನರಗಳು ಕಲಿಯುತ್ತವೆ. ಪ್ರಾಯ ಬಂದ ಮೇಲೆ ಮಾಂಸಧಾತುವಿನ ವೃದ್ಧಿಯೂ ಸೇರುತ್ತದೆ.

ಇನ್ನು ಎತ್ತರದ ಮಾತು. ಮೂಳೆಯ ತುದಿಗಳಲ್ಲಿ ಬೆಳವಣಿಗೆಯ ಮೃದುವಾದ ಪದರವಿರುವುದು ನಿಜ. ಅದಕ್ಕೆ ಪೆಟ್ಟಾದ ಪ್ರಕರಣಗಳು ಹೆಚ್ಚಾಗಿ ಮೇಲ್ವಿಚಾರಣೆಯಿಲ್ಲದೆ, ತಪ್ಪು ಭಂಗಿಯಲ್ಲಿ, ಶಕ್ತಿ ಮೀರಿ ಭಾರ ಎತ್ತಿದಾಗ ಆದಂಥವು. ಸರಿಯಾದ ಮಾರ್ಗದರ್ಶನದಲ್ಲಿ ಮಾಡಿದ ಅಭ್ಯಾಸ ಬೆಳವಣಿಗೆಯನ್ನು ಕುಂಠಿತಗೊಳಿಸುವುದಿಲ್ಲ. 2014ರಲ್ಲಿ ಅಂತರರಾಷ್ಟ್ರೀಯ ತಜ್ಞರು ಒಮ್ಮತದಿಂದ ಇಂಥ ಅಭ್ಯಾಸವನ್ನು ಬೆಂಬಲಿಸಿದ್ದಾರೆ.

ಹಾಗೆಂದು ಹುಡುಗರನ್ನು ಸೀದಾ ಜಿಮ್ಮಿಗೆ ಅಟ್ಟಬೇಕೆಂದು ನನ್ನ ಅಭಿಪ್ರಾಯವಲ್ಲ. ಒಬ್ಬರ ಮೇಲೊಬ್ಬರು ಪೈಪೋಟಿಗೆ ಬಿದ್ದು ಭಾರ ಎತ್ತುವುದನ್ನು ಕಂಡಾಗ ನನಗೂ ಭಯವಾಗುತ್ತದೆ. ನಮ್ಮ ಗರಡಿಮನೆಗಳ ಕ್ರಮವೇ ಲೇಸು: ಮೊದಲು ತನ್ನ ಮೈಭಾರದಲ್ಲಿಯೇ ಬಸ್ಕಿ, ಸಾಮು, ಭಂಗಿ ಶುದ್ಧವಾದ ಮೇಲೆ, ಬಲ್ಲವರ ಎದುರಿನಲ್ಲಿ, ಸ್ವಲ್ಪ ಸ್ವಲ್ಪವೇ ಭಾರ. ವ್ಯಾಯಾಮ ಅರ್ಧಶಕ್ತಿಯಷ್ಟಿರಲಿ ಎಂಬ ಆಚಾರ್ಯರ ವಿವೇಕ ಇಲ್ಲಿ ಬಲು ಉಪಯುಕ್ತ. ಇನ್ನೂ ಎರಡು ಮೂರು ಸಲ ಎತ್ತುವ ಶಕ್ತಿ ಉಳಿದಿರುವಾಗಲೇ ನಿಲ್ಲಿಸಬೇಕು. ವಾರಕ್ಕೆ ಎರಡು ದಿನ ಸಾಕು; ನಡುವೆ ವಿಶ್ರಾಂತಿಯಿರಲಿ. ವೇಗದ ಓಟವನ್ನು ಪ್ರತ್ಯೇಕವಾಗಿ ಅಭ್ಯಾಸ ಮಾಡಲೇಬೇಕು, ಬಲವೊಂದೇ ವೇಗವಾಗದು. ದಿಢೀರನೆ ಎತ್ತರವಾಗುವ ತಿಂಗಳುಗಳಲ್ಲಿ ಮೊಣಕಾಲಿನ ಮುಂಭಾಗ ನೋಯತೊಡಗಿದರೆ ಭಾರವನ್ನೂ ಹಾರಾಟವನ್ನೂ ತಗ್ಗಿಸಿ ವೈದ್ಯರಿಗೆ ತೋರಿಸಬೇಕು. ಹೆಣ್ಣುಮಕ್ಕಳಿಗೂ ಈ ಮಾತೆಲ್ಲ ಅನ್ವಯಿಸುತ್ತದೆ.

ಅಶ್ವಗಂಧ ಲೇಹ್ಯ ಕೊಟ್ಟರೆ ಸಾಲದೇ ಎಂದು ಕೇಳುವವರಿದ್ದಾರೆ. ಲೇಹ್ಯವಾಗಲಿ, ಡಬ್ಬಿಯ ಪುಡಿಯಾಗಲಿ ಅಭ್ಯಾಸಕ್ಕೆ ಬದಲಿಯಲ್ಲ. ರೊಟ್ಟಿ, ಬೇಳೆ, ಮೊಳಕೆಕಾಳು, ಶೇಂಗಾ, ಹಾಲು, ಮೊಸರು ಹೊಟ್ಟೆತುಂಬ ಸಿಗಲಿ. ರಾತ್ರಿ ಎಂಟು ಗಂಟೆಗೆ ಕಡಿಮೆಯಿಲ್ಲದ ನಿದ್ರೆ ಇರಲಿ.

ಆ ತಂದೆಯವರಿಗೆ ನಾನು ಹೇಳಿದ್ದು ಇಷ್ಟೇ: “ಭಾರ ಎತ್ತಲಿ. ಆದರೆ ಎದುರಿಗೆ ನಿಂತು ನೋಡುವವರು ಯಾರು ಎಂಬುದನ್ನು ತಾವು ಮೊದಲು ಕೇಳಿ ತಿಳಿಯಿರಿ.” ಎಲ್ಲ ಪಾಲಕರಲ್ಲಿಯೂ ನನ್ನ ವಿನಂತಿ ಇದೇ.